ರೊಟ್ಟಿ ಬಿಡದೇ ತೂಕ ಇಳಿಸೋಣ: ದಿನಕ್ಕೆ ನಿಮಗೆಷ್ಟು ಕ್ಯಾಲರಿ ಬೇಕು?

[ದೃಶ್ಯ: ಅಡುಗೆಮನೆ ಕಟ್ಟೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಚಿಕ್ಕ ಡಿಜಿಟಲ್ ತಕ್ಕಡಿ]

ನಮಸ್ಕಾರ್ರೀ. ಎರಡು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ನಮ್ಮ ಅಕ್ಕ ಫೋನ್ ಮಾಡಿದ್ದಳು. "ಮಧ್ಯಾಹ್ನ ಎರಡು, ರಾತ್ರಿ ಎರಡು ರೊಟ್ಟಿ ಅಷ್ಟ ತಿಂತೀನಿ. ಆದ್ರೂ ತೂಕ ಇಳೀವಲ್ದು. ಇನ್ನ ರೊಟ್ಟಿನೂ ಬಿಟ್ಟುಬಿಡ್ಲೇನು?" ದನಿ ಸಣ್ಣಗಾಗಿತ್ತು. ಬಿಡಬೇಡ ಅಕ್ಕಾ, ಮೊದಲು ಲೆಕ್ಕ ಹಾಕೋಣ ಅಂದೆ. ಆ ಭಾನುವಾರ ಈ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು, ಧಾರವಾಡದಿಂದ ಚಿಗರಿ ಬಸ್ ಹತ್ತಿ ಅವಳ ಮನೆಗೆ ಹೋದೆ.

ಅಲ್ಲಿ ಮಾಡಿದ ಲೆಕ್ಕವನ್ನೇ ಇವತ್ತು ನಿಮಗೆ ತೋರಿಸುತ್ತೇನೆ.

[ದೃಶ್ಯ: ಎರೆ ಹೊಲ, ನಂತರ ಆಫೀಸಿನ ಕುರ್ಚಿ]

ನಮ್ಮ ಅವ್ವ ನವಲಗುಂದದ ಕಡೆ ಎರೆ ಹೊಲದಲ್ಲಿ ದುಡಿದವಳು. ಹತ್ತಿ ಬಿಡಿಸುವುದು, ಕಸ ತೆಗೆಯುವುದು, ನೀರು ಹೊರುವುದು. ಅಕ್ಕ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಕೆಲಸ ಬದಲಾಯಿತು, ಊಟದ ತಾಟು ಮಾತ್ರ ಅವ್ವನದೇ ಉಳಿಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿ ನೋಡಿ. 55 ಕೆಜಿ ತೂಕದ ಹೆಂಗಸಿಗೆ, ಕೂತು ಮಾಡುವ ಕೆಲಸವಾದರೆ ದಿನಕ್ಕೆ 1,660 ಕ್ಯಾಲರಿ. ಮೈಮುರಿದು ದುಡಿಯುವವಳಾದರೆ 2,720. ಅದೇ ತೂಕ, ಅದೇ ಹೆಂಗಸು. ನಡುವೆ 1,060 ಕ್ಯಾಲರಿ ಅಂತರ. ಐದು ದೊಡ್ಡ ರೊಟ್ಟಿಗಳಷ್ಟು! ಪ್ಯಾಕೆಟ್ ಮೇಲೆ 'ಕಿಲೋ ಕ್ಯಾಲರಿ' ಎಂದು ಬರೆದಿರುತ್ತಾರಲ್ಲ, ನಾವು ಮಾತಿನಲ್ಲಿ ಕ್ಯಾಲರಿ ಅನ್ನುವುದೂ ಅದನ್ನೇ.

[ದೃಶ್ಯ: ಬಿಳಿ ಹಾಳೆ, ಪೆನ್ನು]

ಈಗ ನಿಮ್ಮ ಅಂಕಿ. ಪೆನ್ನು ತಗೊಳ್ಳಿ. 1990ರಲ್ಲಿ ಅಮೆರಿಕದಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಎಂಬ ಸೂತ್ರ ಇದೆ. ನಿಮ್ಮ ಫೋನಿನ ಬಹಳಷ್ಟು ಆ್ಯಪ್‌ಗಳು ಬಳಸುವುದು ಇದನ್ನೇ.

ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರ್‌ನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರಾದರೆ ಕೊನೆಗೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ.

ಅಕ್ಕನಿಗೆ 38 ವರ್ಷ, 72 ಕೆಜಿ, 158 ಸೆಂಟಿಮೀಟರ್. 720 ಕೂಡಿಸು 987.5, ಕಳೆ 190, ಕಳೆ 161. ಬಂದದ್ದು ಸುಮಾರು 1,356. ದಿನವಿಡೀ ಸುಮ್ನೆ ಹಾಸಿಗೆಯಲ್ಲಿ ಮಲಗಿದ್ದರೂ ಅವಳ ದೇಹಕ್ಕೆ ಬೇಕಾದದ್ದು ಇಷ್ಟು. ಗುಂಡಿಗೆ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು ಅಲ್ವಾ? ಅದಕ್ಕೆ.

ಇದನ್ನು ದಿನದ ಓಡಾಟದ ಅಂಕಿಯಿಂದ ಗುಣಿಸಬೇಕು. ಕೂತೇ ಇರುವವರಿಗೆ 1.2. ಸ್ವಲ್ಪ ಓಡಾಟ ಇದ್ದರೆ 1.375. ಚೆನ್ನಾಗಿ ವ್ಯಾಯಾಮ ಇದ್ದರೆ 1.55. ಅದರ ಮೇಲಿನ 1.725 ದಿನವೂ ಕಷ್ಟದ ದುಡಿಮೆ ಇರುವವರಿಗೆ.

ಬಹಳ ಜನ ತಪ್ಪುವುದು ಇಲ್ಲೇ. ಅಕ್ಕ ಆ್ಯಪ್‌ನಲ್ಲಿ 1.55 ಆರಿಸಿದ್ದಳು. ಯಾಕೆ ಅಂದರೆ, ವಾರಕ್ಕೆ ಮೂರು ದಿನ ಉಣಕಲ್ ಕೆರೆ ದಂಡೆಯ ಮೇಲೆ ಅರ್ಧ ಗಂಟೆ ನಡೆಯುತ್ತಾಳೆ. ನಡಿಗೆ ಒಳ್ಳೆಯದೇ, ಅದನ್ನು ಬಿಡಬೇಡಿ. ಸಕ್ಕರೆ ಕಾಯಿಲೆಗೆ, ಬಿಪಿಗೆ, ನಿದ್ದೆಗೆ, ಮನಸ್ಸಿಗೆ ಎಲ್ಲಕ್ಕೂ ಒಳ್ಳೆಯದು. ಆದರೆ ಅವಳ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 125 ಕ್ಯಾಲರಿ ಅಷ್ಟೇ. 1.55 ಹಾಕಿದ್ದಕ್ಕೆ ಆ್ಯಪ್ 2,100 ತೋರಿಸಿತ್ತು. 1.2 ಹಾಕಿದಾಗ 1,628 ಬಂತು. ಈ 1,628 ಅವಳ ತೂಕ ಇದ್ದಷ್ಟೇ ಇರಲು ಬೇಕಾದ ಅಂದಾಜು. ಎರಡು ಅಂಕಿಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಆರಿಸಿ.

ತೂಕ ಇಳಿಸಲು ಇದರಿಂದ 300ರಿಂದ 500 ಕಳೆಯಬಹುದು. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೆ 300 ಕಡಿಮೆ ತಿಂದರೆ ಒಂದು ಕೆಜಿ ಇಳಿಯಲು 25–26 ದಿನ. ನಿಧಾನ ಅನಿಸುತ್ತದೆ, ಆದರೆ ಈ ವೇಗದಲ್ಲಿ ಹಸಿವು ತಡೆಯಬಹುದು. ಡಾಕ್ಟರು ಹೇಳದೆ 1,200ಕ್ಕಿಂತ ಕೆಳಗೆ ಹೋಗಬೇಡಿ. ಬಸುರಿಯರು, ಹಾಲುಣಿಸುವ ತಾಯಂದಿರು, 18 ತುಂಬದವರು ಈ ಲೆಕ್ಕಕ್ಕೆ ಕೈ ಹಾಕಲೇಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ. ಊಟ ತಗ್ಗಿ ಔಷಧಿ ಅಷ್ಟೇ ಉಳಿದರೆ ಸಕ್ಕರೆ ತೀರಾ ಕೆಳಗಿಳಿದು ಅಪಾಯ ಆಗಬಹುದು.

ಅಕ್ಕನಿಗೆ 1,350 ಎಂದು ಇಟ್ಟುಕೊಂಡೆವು.

[ದೃಶ್ಯ: ತಕ್ಕಡಿಯ ಮೇಲೆ ಜೋಳದ ಹಿಟ್ಟು]

ಇನ್ನು ತಾಟಿಗೆ ಬರೋಣ. ಜೋಳದ ಹಿಟ್ಟು 100 ಗ್ರಾಂಗೆ ಸುಮಾರು 330 ಕ್ಯಾಲರಿ. ಅಕ್ಕ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯುತ್ತಾಳೆ, ಅಂದರೆ 200 ಕ್ಯಾಲರಿ. ತೂಗಬೇಕಾದದ್ದು ಹಿಟ್ಟನ್ನು, ರೊಟ್ಟಿಯನ್ನಲ್ಲ. ಬಿಸಿ ರೊಟ್ಟಿಯಲ್ಲಿ ನೀರಿರುತ್ತದೆ, ಖಡಕ್ ರೊಟ್ಟಿಯಲ್ಲಿ ಅದು ಆರಿ ಹೋಗಿರುತ್ತದೆ. ಖಡಕ್ ರೊಟ್ಟಿ ಹಗುರ, ಹಾಗಾಗಿ ಡಯಟ್‌ಗೆ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ಹಿಟ್ಟು ಅಷ್ಟೇ ಇದ್ದರೆ ಕ್ಯಾಲರಿಯೂ ಅಷ್ಟೇ. ಗ್ರಾಂ ಲೆಕ್ಕದಲ್ಲಿ ತಿಂದರಂತೂ ಖಡಕ್ ರೊಟ್ಟಿಯಿಂದಲೇ ಜಾಸ್ತಿ ಬರುತ್ತದೆ.

ನಾಲ್ಕು ರೊಟ್ಟಿಗೆ 800 ಆಯಿತು. ಉಳಿದದ್ದು ರೊಟ್ಟಿಯ ಪಕ್ಕದಲ್ಲಿತ್ತು.

ಅವತ್ತು ಎಣ್ಣೆಗಾಯಿ ಮಾಡಿದ್ದಳು, ನಾಲ್ಕು ಜನಕ್ಕೆ. ಎಣ್ಣೆ ಡಬ್ಬಿಯಿಂದ ನೇರ ಕಡಾಯಿಗೆ ಸುರಿಯುತ್ತಿದ್ದಳು. ತಡೆದು, ಚಮಚದಿಂದ ಅಳೆದು ಹಾಕು ಎಂದೆ. ಐದು ದೊಡ್ಡ ಚಮಚ ಆಯಿತು. ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲರಿ. ಒಟ್ಟು 600, ಒಬ್ಬರ ಪಾಲಿಗೆ 150. ತಾಟಿನಲ್ಲಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಎರಡು ಚಮಚ, ಸುಮಾರು 20 ಗ್ರಾಂ. ಶೇಂಗಾ 100 ಗ್ರಾಂಗೆ 500ಕ್ಕಿಂತ ಮೇಲೆ, ಹಾಗಾಗಿ ಅಲ್ಲೇ 100 ಬಂತು. ಅದರ ಮೇಲೆ ಕಲಸಲು ಒಂದು ಚಿಕ್ಕ ಚಮಚ ಎಣ್ಣೆ, 40. ಎಲ್ಲ ಸೇರಿ ಒಂದೂವರೆ ರೊಟ್ಟಿಯಷ್ಟಾಯಿತು. ಅಕ್ಕ ಇದನ್ನು ಊಟ ಎಂದು ಎಣಿಸಿರಲೇ ಇಲ್ಲ. ಬಾಯಿರುಚಿಗೆ ಹಾಕಿಕೊಳ್ಳುವುದು ಎಂದುಕೊಂಡಿದ್ದಳು.

ಆಮೇಲೆ ಚಹಾ. ದಿನಕ್ಕೆ ನಾಲ್ಕು ಕಪ್, ಒಂದಕ್ಕೆ ಎರಡು ಚಮಚ ಸಕ್ಕರೆ. ಸಕ್ಕರೆಯೇ 40 ಕ್ಯಾಲರಿ, ಹಾಲು 30–35. ನಾಲ್ಕು ಕಪ್‌ಗೆ 300 ಹತ್ತಿರ! ನಾವು ಕಳೆಯಬೇಕೆಂದಿದ್ದ ಅಂಕಿ ಇದೇ.

ಹೀಗಾಗಿ ರೊಟ್ಟಿ ಮುಟ್ಟಲಿಲ್ಲ. ಚಹಾ ಎರಡೇ ಕಪ್, ಅರ್ಧ ಚಮಚ ಸಕ್ಕರೆ. ಎಣ್ಣೆಗಾಯಿಗೆ ಎರಡು ದೊಡ್ಡ ಚಮಚ ಎಣ್ಣೆ. ಹಿಂಡಿ ಒಂದೇ ಚಮಚ, ಎಣ್ಣೆ ಬದಲು ಮೊಸರು. ಸಂಜೆಯ ಗಿರಮಿಟ್ ಮಿರ್ಚಿ ದಿನಾ ಇದ್ದದ್ದು ಭಾನುವಾರಕ್ಕೆ ಹೋಯಿತು. ತಾಟು ಖಾಲಿ ಕಾಣಬಾರದಲ್ಲ, ಹಸಿ ಹಕ್ಕರಕಿ, ಮೆಂತ್ಯ ಸೊಪ್ಪು, ಮೂಲಂಗಿ ಜಾಸ್ತಿ ಬಂತು. ಒಂದು ಬಟ್ಟಲು ಮಡಕೆ ಕಾಳಿನ ಪಲ್ಯವೂ ಬಂತು. ಕಾಳು, ಮೊಸರು, ಮೊಟ್ಟೆಯಂಥ ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಹೊಟ್ಟೆಯೂ ಬೇಗ ಹಸಿಯುತ್ತದೆ.

[ದೃಶ್ಯ: ಕ್ಯಾಲೆಂಡರ್, ಒಂದೊಂದು ದಿನಕ್ಕೂ ಬರೆದ ತೂಕ]

ಸೂತ್ರ ಕೊಡುವುದು ಅಂದಾಜು ಮಾತ್ರ. ನಿಮ್ಮ ನಿಜವಾದ ಅಂಕಿ ಗೊತ್ತಾಗಬೇಕೆಂದರೆ ದಿನಾ ಬೆಳಿಗ್ಗೆ, ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು ತೂಕ ನೋಡಿ ಬರೆದಿಡಿ. ಒಂದು ದಿನದ ತೂಕಕ್ಕೆ ಅಂಜಬೇಡಿ. ರಾತ್ರಿ ಸಾವಜಿ ಊಟ ಮಾಡಿದರೆ ಬೆಳಿಗ್ಗೆ ಒಂದು ಕೆಜಿ ಏರಿರಬಹುದು. ಉಪ್ಪು ಹಿಡಿದಿಟ್ಟ ನೀರು ಅದು, ಎರಡು ದಿನಕ್ಕೆ ಹೋಗುತ್ತದೆ. ಮುಟ್ಟಿನ ದಿನಗಳ ಹತ್ತಿರವೂ ಹೀಗೇ ಏರುತ್ತದೆ. ಅದಕ್ಕೇ ಏಳು ದಿನದ ಸರಾಸರಿ ತೆಗೆದು, ಸರಾಸರಿಗಳನ್ನು ಮಾತ್ರ ಹೋಲಿಸಬೇಕು. ಮೊದಲ ವಾರ ನೀರು ಜಾಸ್ತಿ ಇಳಿಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಕ್ಕನ ಎರಡನೇ ವಾರದ ಸರಾಸರಿ 71.6. ಆರನೇ ವಾರದ್ದು 70.9. 28 ದಿನಕ್ಕೆ 700 ಗ್ರಾಂ. ಇಷ್ಟು ಶ್ರಮಕ್ಕೆ ಇಷ್ಟೇನಾ ಎಂದು ಅವಳಿಗೆ ಬೇಜಾರಾಯಿತು. ಆ 700 ಗ್ರಾಂ ನನಗೆ ದೊಡ್ಡ ಸುದ್ದಿ. 0.7 ಗುಣಿಸು 7,700 ಅಂದರೆ 5,390. ಅದನ್ನು 28ರಿಂದ ಭಾಗಿಸಿದರೆ ದಿನಕ್ಕೆ 190 ಚಿಲ್ಲರೆ. ಅವಳು ತಿಂದದ್ದು 1,350. ಎರಡೂ ಕೂಡಿದರೆ 1,540. ತೂಕ ಇದ್ದಷ್ಟೇ ಇರಲು ಅವಳಿಗೆ ನಿಜವಾಗಿ ಬೇಕಾದದ್ದು ಇಷ್ಟು. ಸೂತ್ರ ಹೇಳಿದ 1,628ಕ್ಕಿಂತ ಸುಮಾರು 90 ಕಡಿಮೆ. ಬರೆಯುವಾಗ ಬಿಟ್ಟುಹೋದ ಒಂದೆರಡು ತುತ್ತೂ ಈ ಅಂಕಿಯ ಒಳಗೇ ಬಂದಿರುತ್ತವೆ, ಹಾಗಾಗಿ ಮುಂದಿನ ಲೆಕ್ಕಕ್ಕೆ ಇದೇ ಸರಿ.

ತೂಕ ಇಳಿದಂತೆ ಈ ಅಂಕಿಯೂ ಇಳಿಯುತ್ತದೆ. ಕೂತು ಕೆಲಸ ಮಾಡುವವರಿಗೆ ಒಂದು ಕೆಜಿಗೆ ದಿನಕ್ಕೆ 12 ಕ್ಯಾಲರಿಯಂತೆ. ಐದಾರು ಕೆಜಿ ಇಳಿದಾಗ ಮತ್ತೆ ಲೆಕ್ಕ ಹಾಕಿ. ಸಾಕೆನಿಸುವ ತೂಕಕ್ಕೆ ಬಂದವರು ಒಮ್ಮೆಲೇ ಹಳೆಯ ಊಟಕ್ಕೆ ಹೋಗಬೇಡಿ. ವಾರಕ್ಕೆ 100ರಂತೆ ಏರಿಸುತ್ತ, ಸರಾಸರಿ ನಿಂತ ಕಡೆ ನಿಲ್ಲಿಸಿ.

ಅಕ್ಕ ಊಟವನ್ನು ಇನ್ನೂ ಇಳಿಸಲು ಒಪ್ಪಲಿಲ್ಲ. 1,350ರಲ್ಲೇ ಇದ್ದು, ಉಣಕಲ್ ಕೆರೆಯ ನಡಿಗೆಯನ್ನು ಮೂರು ದಿನದಿಂದ ಆರು ದಿನಕ್ಕೆ ಏರಿಸಿದ್ದಾಳೆ. ನಿನ್ನೆ ಬೆಳಿಗ್ಗೆಯ ತೂಕ 70.4 ಎಂದು ಮೆಸೇಜ್ ಬಂತು. "ಸರಾಸರಿ ಎಷ್ಟು?" ಎಂದು ಕೇಳಿದ್ದೇನೆ. ಭಾನುವಾರ ಹೇಳುತ್ತಾಳೆ.