ಹಾಫ್ ಬೇಕ್ಡ್ ಅಂದರೆ ಹಸಿ ಅಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಪೂರ್ತಿ ಯೋಚಿಸದ ವಿಚಾರವನ್ನು ಇಂಗ್ಲಿಷಿನಲ್ಲಿ 'ಹಾಫ್ ಬೇಕ್ಡ್' ಅನ್ನುತ್ತಾರೆ. ನಮ್ಮ ವಿದ್ಯಾರ್ಥಿಗಳು, ಕೆಲವು ಮೇಷ್ಟರುಗಳೂ ಸಹ, ಈಗಷ್ಟೇ ಹೊಳೆದ ಯೋಚನೆಗೂ ಇದೇ ಪದ ಅಂಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಫ್ ಬೇಕ್ಡ್ ಅಂದರೆ ಹಸಿ ಅಲ್ಲ. ಹೊರಗೆ ಬೆಂದಿದ್ದು, ಒಳಗೆ ಬೇಯದ್ದು.

ಬ್ರೆಡ್ಡನ್ನೇ ನೋಡಿ. ಮೇಲ್ಮೈಯ ನೀರು ಆರಿ, ಬಿಸಿ ಸುಮಾರು 140 ಡಿಗ್ರಿ ದಾಟಿತೋ, ಕೆಂಪಗಾಗಲು ಶುರು. ಒಳಗಿನ ತಿರುಳು ನಿಧಾನ. ಅದು 93ರಿಂದ 96 ಡಿಗ್ರಿ ಮುಟ್ಟಬೇಕು. ಓವನ್ ವಿಪರೀತ ಕಾದಿದ್ದರೆ ಹೊರಗೆ ಚಂದದ ಬಣ್ಣ, ಒಳಗೆ ಅಂಟಂಟು ಹಿಟ್ಟು. ನೋಡಿದರೆ ಗೊತ್ತಾಗುವುದಿಲ್ಲ. ಮಗುಚಿ ತಳ ತಟ್ಟಬೇಕು: ಟೊಳ್ಳು ಸದ್ದು ಬಂದರೆ ಬೆಂದಿದೆ, 'ದಪ್' ಅಂದರೆ ಇಲ್ಲ.

ಇಂಗ್ಲೆಂಡಿನ ಹಳೆಯ ಇಟ್ಟಿಗೆ ಓವನ್ನುಗಳಲ್ಲಿ ಇದು ಇನ್ನೂ ಕಷ್ಟ. ಗೂಡಿನೊಳಗೇ ಸೌದೆ ಉರಿಸುತ್ತಿದ್ದರು. ಇಟ್ಟಿಗೆ ಚೆನ್ನಾಗಿ ಕಾದ ಮೇಲೆ ಕೆಂಡ, ಬೂದಿ ಎಲ್ಲ ಹೊರಗೆಳೆದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಬ್ರೆಡ್ ಇಟ್ಟು ಬಾಗಿಲು ಮುಚ್ಚುತ್ತಿದ್ದರು. ಅಲ್ಲಿಂದಾಚೆಗೆ ಬೆಂಕಿಯೇ ಇಲ್ಲ, ಇಟ್ಟಿಗೆಯ ಕಾವಷ್ಟೇ. ಅದೂ ಇಳಿಯುತ್ತಲೇ ಇರುತ್ತದೆ. ಅವಸರಪಟ್ಟು ಹೊರತೆಗೆದು, ಮತ್ತೆ ಒಳಗಿಡೋಣ ಅಂದರೆ ಬೇಯಿಸುವಷ್ಟು ಕಾವು ಉಳಿದಿರುವುದಿಲ್ಲ. ದೊಡ್ಡ ಬ್ರೆಡ್ಡಿಗೆ ಹೆಚ್ಚು ಹೊತ್ತು ಬೇಕು, ಪುಟ್ಟ ಕೇಕಿಗೆ ಸ್ವಲ್ಪ ಸಾಕು. ಹಾಗಾಗಿ ಬುದ್ಧಿ ಮಂದ ಅನ್ನಿಸಿದವನನ್ನು ಅಲ್ಲಿನ ಹಳಬರು ಆಡಿಕೊಳ್ಳುತ್ತಿದ್ದದ್ದು ಹೀಗೆ: 'ಬ್ರೆಡ್ಡಿನ ಜೊತೆ ಒಳಗಿಟ್ಟು ಕೇಕಿನ ಜೊತೆ ತೆಗೆದವನು.' ಕುಹಕವೇ, ಆದರೆ ಲೆಕ್ಕ ಸರಿಯಾಗಿದೆ.

ವಿಚಾರಕ್ಕೂ ಅದೇ ಲೆಕ್ಕ. ಒಂದು ಯೋಜನೆಗೆ ಮುಖಪುಟ ಇದೆ, ಬಣ್ಣದ ನಕ್ಷೆ ಇದೆ, ಘೋಷವಾಕ್ಯವೂ ಇದೆ. ದುಡ್ಡು ಎಲ್ಲಿಂದ, ಕೆಲಸ ಯಾರದು ಅಂತ ತಟ್ಟಿದರೆ ಉತ್ತರ ಇಲ್ಲ. ಅದು ಹಾಫ್ ಬೇಕ್ಡ್. ಮತ್ತೆ ಹೇಳುತ್ತೇನೆ, ಹಸಿ ಅಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದವು ಬೇಗ ಬೇಗ. ನಿಜವಾಗಿ ಹಸಿಯಾದದ್ದಕ್ಕೆ 'ರಾ': ಒಲೆಯನ್ನೇ ಕಾಣದ್ದು, ಇನ್ನೂ ಬೇಯಿಸಬಹುದು. 'ಕ್ರೂಡ್' ಹುಟ್ಟಿದ್ದು ಹಸಿ ಅನ್ನುವ ಲ್ಯಾಟಿನ್ ಪದದಿಂದ. ಈಗ ಒರಟು, ನಯವಿಲ್ಲದ್ದು ಅನ್ನಲು ಬಳಸಿ. ಹೂಡಿದ ಆಟ ಕೈಕೊಟ್ಟಾಗ ಶೇಕ್ಸ್‌ಪಿಯರನ ಒಂದು ಪಾತ್ರ 'ನನ್ನ ಕೇಕು ಹಿಟ್ಟಾಗಿಯೇ ಉಳಿಯಿತು' ಅನ್ನುತ್ತದೆ, ಅದು ಇಂದು ಬಳಕೆಯಲ್ಲಿಲ್ಲ. 'ಅಂಡರ್‌ಡನ್' ಪದವನ್ನು ಮಾಂಸದ ಅಡುಗೆಗೇ ಬಿಟ್ಟುಬಿಡಿ. ನಮಸ್ಕಾರ.