ಕೊನೆಯ ಸಾಲಿನಿಂದ ಕಂಡ ಮರ್ಸಿಡಿಸ್-ಎಎಂಜಿ ಜಿಎಲ್‌ಎಸ್ 63

ಇಂತಹ ವಾಹನದ ಪರಿಚಯವನ್ನು ಸ್ಟಿಯರಿಂಗ್ ಹಿಂದೆ ಕುಳಿತು ಆರಂಭಿಸುವುದು ವಾಡಿಕೆ. ಆದರೆ ಮರ್ಸಿಡಿಸ್-ಎಎಂಜಿ ಜಿಎಲ್‌ಎಸ್ 63 ಎಂಬ ಈ ದೊಡ್ಡ ಎಸ್‌ಯುವಿಯಲ್ಲಿ ನಾನು ಕ್ಯಾಮೆರಾ ಹಿಡಿದು ಮೊದಲು ಹತ್ತಿದ್ದು ಕಟ್ಟಕಡೆಯ ಸಾಲಿಗೆ. ಏಳು ಜನರ ಕುಟುಂಬಕ್ಕೆಂದು ಮಾಡಿದ ಗಾಡಿಗೆ 612 ಅಶ್ವಶಕ್ತಿ ತುಂಬಿದ ಮೇಲೆ, ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಹೇಳುವ ಹಕ್ಕು ಹಿಂದೆ ಕುಳಿತವರಿಗೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಗುಂಡಿಯನ್ನು ಒತ್ತಿದರೆ ಎರಡನೇ ಸಾಲಿನ ಸೀಟು ಬಾಗಿ ನಿಧಾನವಾಗಿ ಮುಂದೆ ಸರಿದು ದಾರಿ ಬಿಡುತ್ತದೆ. ಮಳೆಯಲ್ಲಿ ನಿಂತು ಕಾಯುವವರಿಗೆ ಆ ನಿಧಾನ ತುಸು ಅತಿಯೆನಿಸೀತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3135 ಮಿಲಿಮೀಟರ್ ಅಂತರವಿರುವುದರಿಂದ ಒಳಗೆ ಮಂಡಿಗೆ ಜಾಗವಿದೆ, ಮತ್ತು 1.94 ಮೀಟರ್ ಎತ್ತರದವರೂ ಇಲ್ಲಿ ಕುಳಿತುಕೊಳ್ಳಬಹುದೆಂದು ಕಂಪನಿ ಹೇಳುತ್ತದೆ.

ಎಂಜಿನ್ 4 ಲೀಟರ್ ಗಾತ್ರದ, ಎರಡು ಟರ್ಬೊಗಳ ವಿ8, ಅಂದರೆ ಎಂಟು ಸಿಲಿಂಡರುಗಳದ್ದು. ಹೆಸರಿನಲ್ಲಿರುವ 63, 6.3 ಲೀಟರ್ ಎಂದು ಕರೆಸಿಕೊಂಡ ಹಳೆಯ ಎಂಜಿನ್ನೊಂದರ ನೆನಪಿಗಾಗಿ ಉಳಿದುಕೊಂಡ ಸಂಖ್ಯೆ. ತಮಾಷೆಯೆಂದರೆ ಆ ಎಂಜಿನ್ನಿನ ಗಾತ್ರವೂ ನಿಜದಲ್ಲಿ 6.2 ಲೀಟರ್ ಮಾತ್ರವಿತ್ತು. ಈಗಿನದು 850 ನ್ಯೂಟನ್ ಮೀಟರ್ ಟಾರ್ಕ್ (ತಿರುಚುಬಲ) ನೀಡುತ್ತದೆ, ಜೊತೆಗಿರುವ 48 ವೋಲ್ಟ್ ಸ್ಟಾರ್ಟರ್-ಜನರೇಟರ್ ಎಂಬ ವಿದ್ಯುತ್ ಯಂತ್ರ ಅಲ್ಪಾವಧಿಗೆ ಇನ್ನಷ್ಟು ನೂಕುತ್ತದೆ. ಎರಡೂವರೆ ಟನ್ನಿಗೂ ಹೆಚ್ಚು ತೂಕದ ಈ ಗಾಡಿ 4.2 ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟುತ್ತದೆ. ಲೆಕ್ಕ ಹಾಕಿದರೆ ಅದು ಗುರುತ್ವ ವೇಗೋತ್ಕರ್ಷದ ಸುಮಾರು ಮೂರನೇ ಎರಡು ಪಾಲು. ಕಥೆ ಕೇಳುತ್ತಾ ಕುಳಿತ ಮಗುವಿನ ತಲೆ ಹೆಡ್‌ರೆಸ್ಟಿಗೆ ಒತ್ತಿಕೊಳ್ಳಲು ಅಷ್ಟು ಧಾರಾಳವಾಗಿ ಸಾಕು.

ಆದರೆ ನೇರ ರಸ್ತೆಯಲ್ಲಿ ನುಗ್ಗಿಸುವುದಕ್ಕಿಂತ ಕಠಿಣವಾದ ಕೆಲಸವೆಂದರೆ ಎತ್ತರವಾದ ಈ ದೇಹವನ್ನು ತಿರುವಿನಲ್ಲಿ ನೆಟ್ಟಗೆ ನಿಲ್ಲಿಸುವುದು. ಸಾಮಾನ್ಯ ವಾಹನದಲ್ಲಿ ಎಡ ಮತ್ತು ಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಬಾರ್ ಎಂಬ ಒಂದೇ ಉಕ್ಕಿನ ಸರಳು ಇರುತ್ತದೆ. ಅದನ್ನು ದಪ್ಪ ಮಾಡಿದರೆ ಗಾಡಿ ವಾಲುವುದು ಕಡಿಮೆಯಾಗುತ್ತದೆ, ಆದರೆ ಒಂದು ಚಕ್ರ ಗುಂಡಿಗೆ ಬಿದ್ದಾಗ ಅದರ ಏಟು ಇನ್ನೊಂದು ಬದಿಗೂ ತಲುಪುತ್ತದೆ. ಇಲ್ಲಿ ಆ ಸರಳನ್ನು ಎರಡು ತುಂಡು ಮಾಡಿ, ನಡುವೆ ಗೇರುಗಳೊಂದಿಗೆ ವಿದ್ಯುತ್ ಮೋಟಾರನ್ನು ಇರಿಸಿದ್ದಾರೆ: ತಿರುವು ಬಂದಾಗ ಮೋಟಾರು ಎರಡೂ ತುಂಡುಗಳನ್ನು ಪರಸ್ಪರ ತಿರುಚಿ ಹಿಡಿಯುತ್ತದೆ, ನೇರ ರಸ್ತೆಯ ಉಬ್ಬುತಗ್ಗುಗಳಲ್ಲಿ ಸಡಿಲ ಬಿಡುತ್ತದೆ.

ಇದನ್ನು ಕಣ್ಣಾರೆ ನೋಡಲು ನಾನು ಅರ್ಧ ತುಂಬಿದ ನೀರಿನ ಬಾಟಲಿಯೊಂದನ್ನು ಕಪ್ ಹೋಲ್ಡರಿನಲ್ಲಿ ಇಟ್ಟೆ. ತಿರುವಿನಲ್ಲಿ ನೀರು ಒಂದು ಬದಿಗೆ ಓರೆಯಾಗಿ ಏರಿತು, ಆದರೆ ಕಿಟಕಿಯ ಕೆಳಗಿನ ಅಂಚು ದಿಗಂತಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿಯೇ ಉಳಿಯಿತು. ಗಾಡಿ ವಾಲುವುದನ್ನು ಯಂತ್ರ ತಡೆಯಬಲ್ಲದು. ಪಕ್ಕಕ್ಕೆ ತಳ್ಳುವ ಬಲವನ್ನು ಇಳಿಸಲು ಓಡಿಸುವವರು ವೇಗವನ್ನೇ ಇಳಿಸಬೇಕು. ಹಿಂದಿನ ಆಕ್ಸಲ್ಲಿನ ಹತ್ತಿರವೇ ಕುಳಿತಿರುವ, ಮುಂದಿನ ರಸ್ತೆ ಸರಿಯಾಗಿ ಕಾಣದ ಮೂರನೇ ಸಾಲಿನವರಿಗೆ ಹೊಟ್ಟೆ ತೊಳೆಸುವುದು ಈ ಬಲದಿಂದಲೇ.

ಬ್ರೇಕಿನ ಬಗ್ಗೆ ಒಂದೇ ಮಾತು. ಇಷ್ಟು ತೂಕ 100 ಕಿಲೋಮೀಟರ್ ವೇಗದಲ್ಲಿ ಸುಮಾರು 10 ಲಕ್ಷ ಜೂಲ್ ಚಲನಶಕ್ತಿಯನ್ನು ಹೊತ್ತಿರುತ್ತದೆ, ವೇಗ ಇಮ್ಮಡಿಯಾದರೆ ಅದು ನಾಲ್ಕು ಪಟ್ಟಾಗುತ್ತದೆ. ಮುಂದಿನ ಬ್ರೇಕ್ ಡಿಸ್ಕುಗಳಿಗೆ 400 ಮಿಲಿಮೀಟರ್ ವ್ಯಾಸವಿರುವುದು ಶೋಕಿಗಾಗಿ ಅಲ್ಲ.

ಕಂಫರ್ಟ್ ಮೋಡಿನಲ್ಲಿ, ಹೆಚ್ಚು ಶಕ್ತಿ ಬೇಡದಿದ್ದಾಗ, ಎಂಟರಲ್ಲಿ ನಾಲ್ಕು ಸಿಲಿಂಡರುಗಳು ತಾವಾಗಿಯೇ ಮಲಗುತ್ತವೆ. ಇದರಿಂದ ಇಂಧನ ಕೊಂಚ ಉಳಿಯುತ್ತದೆ ನಿಜ, ಆದರೆ ಉಳಿತಾಯದ ಆಸೆಯಿಂದ ಈ ಗಾಡಿಯತ್ತ ಬರುವವರು ಯಾರೂ ಇರಲಾರರು.

ಕೊನೆಗೆ ಡಿಕ್ಕಿ. ಎರಡೂ ಹಿಂದಿನ ಸಾಲುಗಳನ್ನು ಮಡಚಿದರೆ 2400 ಲೀಟರ್ ಜಾಗ ಸಿಗುತ್ತದೆ, ಏಳೂ ಸೀಟುಗಳು ನಿಂತಿದ್ದರೆ 355 ಲೀಟರ್ ಮಾತ್ರ. ಅಂದರೆ 5.2 ಮೀಟರ್ ಉದ್ದದ ಈ ಗಾಡಿಯಲ್ಲಿ ಏಳು ಜನ ಹೊರಟಾಗ ಅವರ ಸಾಮಾನಿಗೆ ಉಳಿಯುವುದು ಚಿಕ್ಕ ಹ್ಯಾಚ್‌ಬ್ಯಾಕಿನಷ್ಟೇ ಸ್ಥಳ. ಹಾಗಾಗಿ ದೂರದ ಪ್ರಯಾಣಕ್ಕೆ ಮೂರನೇ ಸಾಲಿನ ಒಂದು ಸೀಟನ್ನು ಮಡಚಿ, ಆರೇ ಜನ ಹೊರಡುವುದು ಲೇಸು.