ನನ್ನಿಂದ ಆಗುತ್ತಾ? ದಮ್ಮಿನ ಕಾಯಿಲೆ ಮತ್ತು ಧೈರ್ಯದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿ ಸಪಾಟಾದ ರಸ್ತೆ ಹುಡುಕುವುದು ಕಷ್ಟ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹೊರಟರೂ ಏರು, ಕದ್ರಿ ಕಡೆ ಹೊರಟರೂ ಏರು. ವರ್ಷಗಟ್ಟಲೆ ಬೀಡಿ ಸೇದಿದವರು, ಒಲೆಯ ಹೊಗೆ ಕುಡಿದವರು ಅರವತ್ತು ದಾಟುವಾಗ ಈ ಏರಿನಲ್ಲಿ ನಿಂತು ನಿಂತು ಹೋಗುತ್ತಾರೆ. ಶ್ವಾಸನಾಳ ಕಿರಿದಾಗಿ ಉಸಿರಿಗೆ ಅಡ್ಡಿಯಾಗುವ ಈ ದೀರ್ಘಕಾಲದ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಅನ್ನುತ್ತಾರೆ. ನಮಗೆ ಅದು ದಮ್ಮು.

ಇವರಿಗೆ ಇನ್‌ಹೇಲರ್ ಜೊತೆಗೆ ಇನ್ನೊಂದು ಚಿಕಿತ್ಸೆ ಇದೆ. ಅದೇ ಶ್ವಾಸಕೋಶದ ಪುನಶ್ಚೇತನ. ಸಾಮಾನ್ಯವಾಗಿ 6ರಿಂದ 12 ವಾರ ನಡೆಯುತ್ತದೆ. ನಡಿಗೆ, ಕೈಕಾಲಿಗೆ ವ್ಯಾಯಾಮ, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ. ಹಾಳಾದ ಶ್ವಾಸಕೋಶ ಇದರಿಂದ ಹೊಸದಾಗುವುದಿಲ್ಲ. ಆದರೆ ಅದೇ ಶ್ವಾಸಕೋಶ ಇಟ್ಟುಕೊಂಡು ಜಾಸ್ತಿ ದೂರ ನಡೆಯಲು ಆಗುತ್ತದೆ.

ಎಷ್ಟು ದೂರ? ಅದನ್ನು ಅಳೆಯಲು 6 ನಿಮಿಷದ ನಡಿಗೆ ಪರೀಕ್ಷೆ ಇದೆ. 30 ಮೀಟರ್ ಉದ್ದದ ಕಾರಿಡಾರ್, ಎರಡು ತುದಿಯಲ್ಲಿ ಗುರುತು, ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಒಂದು ತಮಾಷೆ ನೋಡಿ. ಪರೀಕ್ಷೆ ಮಾಡುವವರು ನಿಮಿಷಕ್ಕೊಮ್ಮೆ ಏನು ಹೇಳಬೇಕು ಎಂಬುದೂ ಮೊದಲೇ ನಿಗದಿಯಾಗಿದೆ. ಯಾಕೆಂದರೆ ಹುರಿದುಂಬಿಸಿದರೆ ಜನ ಹೆಚ್ಚು ನಡೆಯುತ್ತಾರೆ. ಮಾತಿಗೇ ಮೀಟರ್ ಲೆಕ್ಕ ಬದಲಾಗುತ್ತದೆ!

ಇನ್ನು ಈ ಪರೀಕ್ಷೆಯಲ್ಲಿ ಒಂದೇ ದೂರ ನಡೆದ ಇಬ್ಬರನ್ನು ನೋಡಿ. ಒಬ್ಬರು ಮರುದಿನ ಮೀನು ಮಾರ್ಕೆಟಿಗೆ ಹೋಗುತ್ತಾರೆ. ಇನ್ನೊಬ್ಬರು ಚಾವಡಿಯಿಂದ ಅಂಗಳಕ್ಕೂ ಇಳಿಯುವುದಿಲ್ಲ. 'ನಡುದಾರಿಯಲ್ಲಿ ದಮ್ಮು ಕಟ್ಟಿದರೆ?' ಎಂಬ ಹೆದರಿಕೆ. ಹೆದರಿ ಕೂತರೆ ಕಾಲಿನ ಶಕ್ತಿ ಇಳಿಯುತ್ತದೆ. ಆಮೇಲೆ ನಾಲ್ಕು ಹೆಜ್ಜೆಗೇ ಏದುಸಿರು.

'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದರು. ಇದು ಒಟ್ಟಾರೆ ಧೈರ್ಯದ ಮಾತಲ್ಲ. ಬೋಟಿನಲ್ಲಿ ಆಳಕಡಲಿಗೆ ಹೋಗಿ ಬಂದವರು ಬಚ್ಚಲುಮನೆಯ ಹಬೆಗೆ ಹೆದರುವುದುಂಟು. ಹಾಗಾಗಿ ಒಂದೊಂದು ಕೆಲಸದ ಬಗ್ಗೆಯೂ ಬೇರೆ ಬೇರೆಯಾಗಿ ಕೇಳಬೇಕು. 1991ರಲ್ಲಿ ಸಿಒಪಿಡಿ ಇರುವವರಿಗೆಂದೇ 34 ಪ್ರಶ್ನೆಗಳ ಪಟ್ಟಿ ಬಂತು. ಸೆಕೆ, ಚಳಿ, ಸಿಟ್ಟು, ದುಡಿಮೆ, ಇವುಗಳ ನಡುವೆ ಉಸಿರು ಸಂಭಾಳಿಸುವ ಭರವಸೆ ಎಷ್ಟು ಎಂದು ಅದು ಕೇಳುತ್ತದೆ. ಪುನಶ್ಚೇತನಕ್ಕೆ ಬರುವವರಿಗೆಂದು ಮಾಡಿದ 2011ರ 'ಪ್ರೇಸ್' (PRAISE) ಎಂಬ ಪಟ್ಟಿಯಲ್ಲಿ 15 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 4 ಅಂಕ. ಒಟ್ಟು 15ರಿಂದ 60ರೊಳಗೆ ಬರುತ್ತದೆ. ಚಿಕಿತ್ಸೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕೇಳಿ ಹೋಲಿಸುತ್ತಾರೆ.

ಅಂಕ ಕೂಡಿಸುವುದು ಸುಲಭ, ನಿಜವಾದ ಉತ್ತರ ಪಡೆಯುವುದೇ ಕಷ್ಟ. ನಮ್ಮ ಕಡೆಯವರು ಬಿಳಿ ಕೋಟಿನ ಮುಂದೆ 'ಇಲ್ಲ' ಎನ್ನುವುದು ಕಮ್ಮಿ, ಅಲ್ವಾ? 'ಆಗುತ್ತದೆ ಡಾಕ್ಟ್ರೇ, ಎಲ್ಲ ಆಗುತ್ತದೆ' ಎಂದು ಸುಮ್ನೆ ತಲೆಯಾಡಿಸುತ್ತಾರೆ. ಎಷ್ಟೋ ದಿನದಿಂದ ಮನೆ ಬಿಟ್ಟು ಹೊರಡದವರು ಮೊದಲ ದಿನವೇ ಪೂರ್ತಿ ಅಂಕ ಕೊಟ್ಟರೆ ನನಗೆ ಅನುಮಾನ ಬರುತ್ತದೆ. ಏರು ಹತ್ತಿಯೇ ನೋಡದವರಿಗೆ ಏರಿನ ಹೆದರಿಕೆ ಗೊತ್ತಾಗುವುದಾದರೂ ಹೇಗೆ?

ಕಡಿಮೆ ಅಂಕ ಬಂದರೆ ಬೇಸರ ಬೇಡ. ನನ್ನ ಪ್ರಕಾರ ಉಪಯೋಗಕ್ಕೆ ಬರುವುದೇ ಅದು. ಮೆಟ್ಟಿಲ ಪ್ರಶ್ನೆಗೆ 'ಆಗುವುದಿಲ್ಲ' ಎಂದವರಿಗೆ ಮುಂದಿನ ವಾರ ಮೆಟ್ಟಿಲನ್ನೇ ಕಲಿಸಬೇಕು. ಮೊದಲು ಮೂಗಿನಲ್ಲಿ ಉಸಿರು ತೆಗೆದುಕೊಳ್ಳುವುದು. ತುಟಿ ಕಿರಿದು ಮಾಡಿ ಉಸಿರು ಬಿಡುತ್ತಾ ಮೆಟ್ಟಿಲು ಹತ್ತುವುದು. ಬೇಕಾದಲ್ಲಿ ನಿಲ್ಲುವುದು. ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಳ್ಳಲು ನಾಚಿಕೆ ಯಾಕೆ? ಬಂಡೂರ ಹೇಳಿದ್ದೂ ಇದನ್ನೇ: ಬೇರೆಯವರ ಉಪದೇಶಕ್ಕಿಂತ ತಾನೇ ಮಾಡಿ ನೋಡಿದ್ದು ನಂಬಿಕೆಯನ್ನು ಹೆಚ್ಚು ಗಟ್ಟಿ ಮಾಡುತ್ತದೆ. ತನ್ನ ಹಾಗೇ ದಮ್ಮಿರುವ ಇನ್ನೊಬ್ಬರು ಹತ್ತುವುದನ್ನು ಕಂಡರೂ ಪ್ರಯೋಜನವಿದೆ. ಗುಂಪಿನಲ್ಲಿ ವ್ಯಾಯಾಮ ಮಾಡಿಸುವುದು ಇದಕ್ಕೂ ಒಳ್ಳೆಯದು.

ಜೊತೆಗೆ ಬರುವ ಮನೆಯವರಿಗೆ ಒಂದು ಕೋರಿಕೆ. ಪ್ರಶ್ನೆ ಕೇಳಿದ ಕೂಡಲೇ 'ಅಪ್ಪನಿಂದ ಅದೆಲ್ಲ ಆಗುವುದಿಲ್ಲ' ಎಂದು ನೀವೇ ಉತ್ತರಿಸಬೇಡಿ. ಓದಲು ಬಾರದಿದ್ದರೆ ಸಿಬ್ಬಂದಿಯೇ ಓದಿ ಹೇಳಲಿ. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳಿದರೆ ಇನ್ನೂ ಒಳ್ಳೆಯದು. ಅಷ್ಟು ಹೊತ್ತು ನೀವು ಹೊರಗೆ ಕೂತು ಒಂದು ಚಾ ಕುಡಿದು ಬನ್ನಿ.

ನಮಸ್ಕಾರ.